ಸ್ಕೂಟರ್ ಮೇಲೆ ಬಂದ ಬೀದಿ

ಶಿಕಾರಿಪುರದಲ್ಲಿ ನನ್ನದೊಂದು ಶಾಮಿಯಾನದ ಅಂಗಡಿ ಇದೆ. ಅಪ್ಪ ಮಾಡಿಟ್ಟದ್ದಲ್ಲ. ಬೇರೆಯವರ ಪೆಂಡಾಲಿಗೆ ಬೊಂಬು ಹೊತ್ತು, ಗುಂಡಿ ತೋಡಿ ಕಲಿತ ಕೆಲಸ. ಮೊದಲು ಎರಡು ಜಮಖಾನ, ಆಮೇಲೆ ಇಪ್ಪತ್ತು ಕುರ್ಚಿ, ಆಮೇಲೆ ಯಾರೋ ಬೇಡವೆಂದು ಮಾರಿದ ಟೆಂಪೋ, ಹೀಗೆ ಬೆಳೆಸಿಕೊಂಡದ್ದು. ಯಾವ ಮದುವೆಗೆ ಎಷ್ಟು ಜನ ಬರುತ್ತಾರೆ ಅನ್ನುವುದು ಮನೆಯವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಇಂಥ ನನಗೆ ಒಬ್ಬ ಟೈಲರಮ್ಮನ ಮೇಲೆ ಹೊಟ್ಟೆಕಿಚ್ಚು ಹತ್ತಿಕೊಂಡಿತು. ಆರಿಹೋಯಿತು ಅಂತ ಬರೆದರೆ ಓದುವವರಿಗೆ ಚೆಂದ. ಆದರೆ ಆರಿಲ್ಲ.

ಶುರುವಾದದ್ದು ಹೀಗೆ. ಪುರಸಭೆಗೆ ಹೊಸದಾಗಿ ಬಂದಿದ್ದ ಇಂಜಿನಿಯರ್ ಮೇಡಂ ಒಂದು ಮಧ್ಯಾಹ್ನ ಅಂಗಡಿಗೆ ಬಂದರು. ಭಾನುವಾರ ಬೆಳಿಗ್ಗೆ ನಮ್ಮ ಬೀದಿಗೆ ವಾಹನ ಬಿಡುವುದಿಲ್ಲ, ಆರರಿಂದ ಹತ್ತರವರೆಗೆ ನಾಲ್ಕು ಗಂಟೆ ಕಾಲ ಅದು ಆಟದ ಬೀದಿ ಆಗಬೇಕು ಅಂದರು. ಮಕ್ಕಳು ಮಾತ್ರ ಅಲ್ಲ, ದೊಡ್ಡವರೂ ಆಡಬೇಕು. ಅದಕ್ಕೆ ಬೇಕಾದ್ದನ್ನು ಕಟ್ಟಿಕೊಡುವವರು ಬೇಕು. ಟಾರಿಗೆ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ. ಬೇಗ ಏಳಬೇಕು, ಬೇಗ ಇಳಿಯಬೇಕು, ನಡುವೆ ಆಂಬುಲೆನ್ಸೋ ಹಾಲಿನ ಗಾಡಿಯೋ ಬಂದರೆ ತಕ್ಷಣ ದಾರಿ ಬಿಡಬೇಕು.

"ಸೊರಬದಲ್ಲಿ ಒಬ್ರು ಶನಿವಾರ ಸಂಜೆ ಇದನ್ನೇ ಮಾಡ್ತಿದಾರೆ. ಟೈಲರ್ ಅವರು. ಬೇಕಾದ್ರೆ ಹೋಗಿ ನೋಡ್ಕೊಂಡ್ ಬನ್ನಿ" ಅಂದರು.

"ಟೈಲರ್ ಹತ್ರ ನಾನು ಪೆಂಡಾಲ್ ಕಲೀಬೇಕಾ ಮೇಡಂ?" ಅಂದೆ. ಮೇಡಂ ನಕ್ಕರು.

ಯಾವ ಟೈಲರ್ ಅನ್ನುವುದು ನನಗೆ ಆಗಲೇ ಹೊಳೆದಿತ್ತು. ಕುಪ್ಪಗಡ್ಡೆ ಕಡೆಯವಳು, ಸೊರಬದಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಅಂಗಡಿ ಇಟ್ಟುಕೊಂಡು ಸ್ಕೂಲ್ ಯೂನಿಫಾರಂ ಹೊಲಿಯುವಾಕೆ. ಕೆಲವು ವರ್ಷದ ಹಿಂದೆ ನನ್ನ ಶಾಮಿಯಾನದ ಅಂಚಿಗೆ ಇಳಿಬಿಡುವ ಝಾಲರಿ ಹೊಲಿದುಕೊಡುತ್ತೇನೆ ಅಂತ ಬಂದಿದ್ದಳು. ವ್ಯಾಪಾರಕ್ಕೆ ಇಳಿಯುವವರು ನನ್ನ ಒಂದು ಮಾತು ನೆನಪಿಟ್ಟುಕೊಳ್ಳಿ: ಕೊಳ್ಳುವ ವಸ್ತು ಕೈಗೆ ಬಂದ ಕೂಡಲೇ ಚೆನ್ನಾಗಿದೆ ಅನ್ನಬೇಡಿ. ತಿರುಗಿಸಿ, ಬೆಳಕಿಗೆ ಹಿಡಿದು, ಒಂದು ನಿಟ್ಟುಸಿರು ಬಿಡಿ. ಅರ್ಧ ದರ ಅಲ್ಲೇ ಇಳಿಯುತ್ತದೆ. ಅವಳ ಹತ್ತಿರ ನಿಟ್ಟುಸಿರೂ ಬಿಟ್ಟೆ, ದರವನ್ನೂ ಇಳಿಸಿದೆ, ಕೊನೆಗೆ ಹೊಲಿಗೆ ಸೊಟ್ಟ ಅಂತ ಒಂದು ಗಂಟು ಝಾಲರಿ ವಾಪಸ್ಸೂ ಕಳಿಸಿದೆ. ಅಷ್ಟೇನೂ ಸೊಟ್ಟ ಇರಲಿಲ್ಲ. ನನಗೆ ಅಷ್ಟು ಬೇಕಾಗಿರಲಿಲ್ಲ, ಅಷ್ಟೆ. ಅವಳು ಗಂಟು ಹೊತ್ತುಕೊಂಡು ಹೋಗಿದ್ದಳು. ಅವತ್ತು ಗೆದ್ದೆ ಅಂದುಕೊಂಡಿದ್ದೆ.

ಮೊದಲ ಭಾನುವಾರ ನಾನು ಯಾವುದಕ್ಕೂ ಕೊರತೆ ಮಾಡಲಿಲ್ಲ. ಗುಂಡಿ ತೋಡುವಂತಿಲ್ಲವಲ್ಲ, ಕಬ್ಬಿಣದ ಕಂಬಗಳಿಗೆ ಅಗಲವಾದ ಪಾದ ವೆಲ್ಡ್ ಮಾಡಿಸಿದೆ. ಬೀದಿಯ ಬಾಯಿಗೆ ಬಟ್ಟೆಯ ಕಮಾನು ಕಟ್ಟಿಸಿದೆ. ಮಕ್ಕಳು ಬಿದ್ದರೆ ಮಂಡಿ ತರಚಬಾರದು ಅಂತ ಉದ್ದಕ್ಕೂ ಕೆಂಪು ಜಮಖಾನ. ನಡುವೆ ಬ್ಯಾಡ್ಮಿಂಟನ್ ಬಲೆ, ಆಚೆ ರಿಂಗ್ ಎಸೆಯುವ ಹಲಗೆ, ಈಚೆ ಹಗ್ಗಜಗ್ಗಾಟದ ಹಗ್ಗ. ನೋಡುವವರಿಗೆ ಎರಡೂ ಬದಿ ಕುರ್ಚಿ. ಮೂರು ಟ್ರಿಪ್ ಟೆಂಪೋ ಓಡಿತು.

ಜನ ಬಂದರು. ಕಮಾನಿನ ಕೆಳಗೆ ಚಪ್ಪಲಿ ಬಿಟ್ಟರು. ಒಳಗೆ ಬಂದು ಕುರ್ಚಿಯಲ್ಲಿ ಕೂತರು. ಮಕ್ಕಳು ಜಮಖಾನದ ಮೇಲೆ ಸಾಲಾಗಿ ಚಕ್ಕಳಮಕ್ಕಳ ಹಾಕಿ ಕೂತವು. ಎಲ್ಲರೂ ಕಾದರು. ಏನಕ್ಕೆ ಕಾಯುತ್ತಿದ್ದೇವೆ ಅಂತ ಯಾರಿಗೂ ಗೊತ್ತಿಲ್ಲ, ಆದರೂ ಕಾದರು. ಒಬ್ಬ ಅಜ್ಜ ನನ್ನ ಕೈ ಹಿಡಿದು ಕೇಳಿದ.

"ತಮ್ಮಾ, ಹೆಣ್ಣಿನ ಕಡೆಯೋರು ಬಂದ್ರೇನು?"

"ಅಜ್ಜಾ, ಮದುವೆ ಅಲ್ಲ ಇದು. ಆಟ ಆಡೋ ಜಾಗ."

"ಹಂಗಾರೆ ತಿಂಡಿ ಇಲ್ಲೇನು?"

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು, "ಭಾಷಣ ಯಾರ್ದು ರೀ ಇವತ್ತು? ಲಗೂ ಮುಗಿಸಾಕ ಹೇಳ್ರಿ, ಒಲೆ ಮ್ಯಾಲೆ ಹಾಲು ಇಟ್ಟು ಬಂದೀನಿ" ಅಂದಳು. ನಾನೇ ಹೋಗಿ ಬ್ಯಾಡ್ಮಿಂಟನ್ ರಾಕೆಟ್ ಹಿಡಿದು ನಿಂತೆ, ಯಾರಾದರೂ ಎದುರಿಗೆ ಬರಲಿ ಅಂತ. ಕುರ್ಚಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಎದ್ದು ಮಾತ್ರ ಬರಲಿಲ್ಲ.

ನನ್ನ ಹೆಂಡತಿ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಎಲ್ಲ ನೋಡಿದಳು. "ನಿಮ್ಮ ಕೈಗೆ ಏನು ಕೊಟ್ರೂ ಮದುವೆ ಮಾಡಿಬಿಡ್ತೀರಿ ನೋಡ್ರಿ" ಅಂದಳು.

ಇಂಜಿನಿಯರ್ ಮೇಡಂ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಉತ್ತರ ಕೊಡಬಹುದಿತ್ತು. "ಇನ್ನೊಂದು ಭಾನುವಾರ ನೋಡೋಣ. ಆಗ್ಲಿಲ್ಲ ಅಂದ್ರೆ ಸೊರಬದೋರನ್ನೇ ಇಲ್ಲಿಗೆ ಕರೆಸ್ತೀನಿ. ಈ ಬೀದಿ ಅವರಿಗೇ ಕೊಡ್ತೀನಿ" ಅಂದರು.

ಈ ಬೀದಿ ಅಂದರೆ ನನ್ನ ಬೀದಿ. ಈ ಬೀದಿಯಲ್ಲಿ ಯಾರ ಮನೆ ಮುಂದೆ ಒಂದು ಹಸಿರು ಚಪ್ಪರ ಎದ್ದರೂ ಅದು ನನ್ನ ಕೈಯಿಂದಲೇ ಎದ್ದದ್ದು. ಹುಟ್ಟಿದ್ದಕ್ಕೂ ನಾನೇ, ಸತ್ತದ್ದಕ್ಕೂ ನಾನೇ. ಅಲ್ಲಿ, ನನ್ನ ಬೋರ್ಡಿನ ಕೆಳಗೆ, ನಾನು ವಾಪಸ್ ಕಳಿಸಿದ ಟೈಲರಮ್ಮ ಬಂದು ಹಗ್ಗ ಕಟ್ಟುವುದು! ಅವತ್ತು ಊಟಕ್ಕೆ ಕೂತಾಗಲೂ ಅದನ್ನೇ ಹೇಳಿದೆ.

"ಹೋಗಿ ನೋಡ್ಕಂಡಾದ್ರೂ ಬರ್ರಿ. ನೋಡಿದ್ರೆ ಕಣ್ಣೇನು ಸವೀತಾವಾ?" ಅಂದಳು ಹೆಂಡತಿ.

ಶನಿವಾರ ಹೋದೆ. ಪಕ್ಕದ ಅಂಗಡಿಯವರು ಎಲ್ಲಿಗೆ ಅಂತ ಕೇಳಿದ್ದಕ್ಕೆ, ಕುಬಟೂರಿನಲ್ಲಿ ಯಾರೋ ಹಳೇ ತಾಮ್ರದ ಹಂಡೆ ಮಾರುತ್ತಾರಂತೆ, ನೋಡಿ ಬರುತ್ತೇನೆ ಅಂದೆ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಸೊರಬದಲ್ಲಿ ಇಳಿದು, ಆಟ ನಡೆಯುವ ಬೀದಿಯ ತುದಿಯ ಹೋಟೆಲಿನಲ್ಲಿ ಕಿಟಕಿ ಪಕ್ಕ ಕೂತು ಚಹಾ ಹೇಳಿದೆ.

ನಾಲ್ಕು ಗಂಟೆಗೆ ಅವಳು ಬಂದಳು. ಸ್ಕೂಟರ್ ಮೇಲೆ. ಹಿಂದೆ ಒಂದು ಬಟ್ಟೆಯ ಗಂಟು, ಕಾಲ ಹತ್ತಿರ ಎರಡೆರಡು ತುಂಡಾಗಿ ಕೊಯ್ದ ತೆಳ್ಳಗಿನ ಪಿವಿಸಿ ಪೈಪುಗಳು. ಅಷ್ಟೇ. ಟೆಂಪೋ ಹಿಂದೆ ಬರುತ್ತಿರಬೇಕು ಅಂತ ನಾನು ರಸ್ತೆ ನೋಡಿದೆ. ಯಾವ ಟೆಂಪೋನೂ ಬರಲಿಲ್ಲ.

ಗಂಟು ಬಿಚ್ಚಿದಳು. ಮಂಚಕ್ಕೆ ಹೆಣೆಯುತ್ತಿದ್ದರಲ್ಲ, ಆ ನವಾರು ಪಟ್ಟಿಯಲ್ಲಿ ಹೊಲಿದ ಕುಂಟೆಬಿಲ್ಲೆಯ ಮನೆಗಳು ಒಂದು ಸೀರೆಯ ಹಾಗೆ ರಸ್ತೆಯ ಮೇಲೆ ಬಿಚ್ಚಿಕೊಂಡವು. ಗಾಳಿಗೆ ಏಳಬಾರದು ಅಂತ ಅಂಚಿನ ಒಳಗೆ ಮರಳು ತುಂಬಿ ಹೊಲಿದಿದ್ದಳು. ಕಂಬಕ್ಕೆ ಏನು ಮಾಡುತ್ತಾಳೆ ಅಂತ ನಾನು ಕಣ್ಣು ಕಿರಿದು ಮಾಡಿಕೊಂಡು ನೋಡಿದೆ, ಏಕೆಂದರೆ ನನ್ನ ಕೆಲಸದ ಜೀವವೇ ಕಂಬ. ಅವಳು ಅಂಗಡಿಗಳ ಮುಂದೆ ಖಾಲಿ ಬಿದ್ದಿದ್ದ ಕುಡಿಯುವ ನೀರಿನ ಕ್ಯಾನುಗಳನ್ನು ತೋರಿಸಿ, "ಅದನ್ನ ಸ್ವಲ್ಪ ತುಂಬಿಸ್ಕೊಡಿ ಮಾರಾಯ್ರೆ" ಅಂದಳು. ಅಂಗಡಿಯವರು ಬೀದಿ ನಲ್ಲಿಯಲ್ಲಿ ತುಂಬಿಸಿಕೊಂಡು ಬಂದರು. ಕ್ಯಾನಿನ ಬಾಯಿಗೆ ಪೈಪು ಇಳಿಸಿದಳು. ಕಂಬ ನಿಂತಿತು. ಬರುವಾಗ ಹೂವಿನಷ್ಟು ಹಗುರ, ನಿಂತ ಮೇಲೆ ಇಪ್ಪತ್ತು ಲೀಟರ್ ಭಾರ, ಹೋಗುವಾಗ ಆ ನೀರು ಗಿಡಕ್ಕೆ. ಇಷ್ಟು ವರ್ಷ ಗುಂಡಿ ತೋಡಿದ ನನ್ನ ತಲೆಗೆ ಇದು ಯಾಕೆ ಬರಲಿಲ್ಲ ಅಂತ ಒಳಗೇ ಹಲ್ಲು ಕಡಿದೆ. ತಪ್ಪು ಹುಡುಕಿದೆ. ಸಿಗಲಿಲ್ಲ. ಇನ್ನಷ್ಟು ಹೊಟ್ಟೆ ಉರಿಯಿತು.

ಒಂದು ಬಲೆಯ ಒಂದೇ ತುದಿ ಕಟ್ಟಿದಳು. ಇನ್ನೊಂದು ತುದಿಯನ್ನು ರಸ್ತೆಯ ಮೇಲೆ ಬಿಟ್ಟು ಬೇರೆ ಕೆಲಸಕ್ಕೆ ಹೋದಳು. ಮರೆತಳು ಅಂತ ನನಗೆ ಖುಷಿಯಾಯಿತು. ಅಷ್ಟರಲ್ಲಿ ಮೆಡಿಕಲ್ ಶಾಪಿನವನು ಬಂದು ಆ ತುದಿ ಎತ್ತಿಕೊಂಡ. ಎದುರು ಬದಿಯ ಬಳೆ ಅಂಗಡಿಯ ಹೆಂಗಸು, "ಸಣ್ಣ ಮಕ್ಕಳಿದಾವೆ, ಕೆಳಗೆ ಹಿಡೀರಿ" ಅಂದಳು. ಅವನು ಕೆಳಗೆ ಹಿಡಿದ. ಹಿಡಿದವನಿಗೆ ಸುಮ್ಮನೆ ನಿಲ್ಲಲಾಗದೆ ಅಂಕ ಎಣಿಸತೊಡಗಿದ. ಎಣಿಕೆ ತಪ್ಪಿದ್ದಕ್ಕೆ ಜಗಳ ಬಂತು, ಜಗಳ ನೋಡಲು ಜನ ಬಂದರು, ಬಂದವರು ಆಡಿದರು. ನಡುವೆ ಗ್ಯಾಸ್ ಸಿಲಿಂಡರಿನ ಗಾಡಿ ಬಂತು. ಅವಳು ಒಂದು ಸೀಟಿ ಊದಿದ್ದಷ್ಟೆ. ಹಿಡಿದವನು ತುದಿ ಹಿಡಿದುಕೊಂಡೇ ಕಂಬದ ಕಡೆ ಸರಿದ, ಗಾಡಿ ಹಾದುಹೋಯಿತು, ಆಟ ನಿಂತದ್ದೇ ಗೊತ್ತಾಗಲಿಲ್ಲ.

ನಾನು ಮೂರನೇ ಚಹಾ ಹೇಳುವಾಗ ಅವಳೇ ಕಿಟಕಿ ಹತ್ತಿರ ಬಂದು ನಿಂತಳು.

"ಅಣ್ಣಾರೆ, ಆಗಿಂದ ನೋಡ್ತಿದೀನಿ, ನೀವೇ ಅಲ್ವಾ ಅಂತ. ಎಂತ ಈ ಕಡೆ?"

"ಕುಬಟೂರಿಗೆ ಹೊರಟಿದ್ದೆ ತಂಗಿ. ಒಂದು ಹಂಡೆ ನೋಡೋದಿತ್ತು."

"ಕುಬಟೂರಿಗಾದ್ರೆ ಆನವಟ್ಟಿ ಬಸ್ ಹತ್ಬೇಕಿತ್ತು" ಅಂದಳು. ಹೋಟೆಲಿನವನು ಸೌಟು ಹಿಡಿದುಕೊಂಡೇ ನಕ್ಕ. "ಇರ್ಲಿ ಬನ್ನಿ, ಕಿಟಕಿಯಿಂದ ನೋಡಿದ್ರೆ ಅಳತೆ ಸಿಗಲ್ಲ."

ಹೋದೆ. ಹೋಗದೆ ಏನು ಮಾಡಲಿ? ಹತ್ತಿರದಿಂದ ನೋಡಿದಾಗ ಮಕ್ಕಳು ಅಂಕುಡೊಂಕಾಗಿ ಓಡಲು ರಸ್ತೆಯ ಮೇಲೆ ಹಾಸಿದ್ದ ಗೆರೆ ಎಲ್ಲೋ ನೋಡಿದ ಬಟ್ಟೆ ಅನ್ನಿಸಿತು. ಕೆಂಪು ಹಳದಿ, ಅಂಚಿಗೆ ಕಮಲದ ಎಸಳಿನ ಕತ್ತರಿ. ನಾನು ವಾಪಸ್ ಕಳಿಸಿದ ಝಾಲರಿ.

"ಹೌದು, ಅದೇ" ಅಂದಳು ನನ್ನ ಮುಖ ನೋಡಿ. "ಸೊಟ್ಟ ಅಂದಿದ್ರಲ್ಲ. ಮಕ್ಕಳಿಗೆ ನೆಟ್ಟಗಿನ ಗೆರೆ ಬೇಡ ಅಣ್ಣಾರೆ, ಸೊಟ್ಟದ್ದೇ ಬೇಕು."

ಆಗ ನಾನು ನನಗೆ ಗೊತ್ತಿದ್ದ ವಿದ್ಯೆಗೆ ಇಳಿದೆ. ಬಗ್ಗಿ ನವಾರು ಮುಟ್ಟಿ ನಿಟ್ಟುಸಿರು ಬಿಟ್ಟೆ. ಬಣ್ಣ ಬಿಡುತ್ತದೆ ಅಂದೆ. ಪೈಪು ತೆಳು ಅಂದೆ. ಬಲೆಯ ಕಣ್ಣು ದೊಡ್ಡದಾಯಿತು ಅಂದೆ.

"ಬಣ್ಣ ಬಿಡ್ತದೆ, ಹೌದು. ಹೋದ ಮಳೇಲಿ ಗೊತ್ತಾಯ್ತು. ಪೈಪೂ ತೆಳುವೇ. ಬಲೆಗೆ ಎಂತ ಮಾಡ್ಬೋದು, ಹೇಳಿ ನೋಡಣ" ಅಂದಳು.

ಹೇಳಿದ್ದಕ್ಕೆಲ್ಲ ಹೌದು ಅನ್ನುವವರ ಹತ್ತಿರ ವ್ಯಾಪಾರ ಮಾಡುವುದು ನೀರಿಗೆ ಗಂಟು ಹಾಕಿದ ಹಾಗೆ. ಆದರೂ ಬಿಡಲಿಲ್ಲ. "ಆಯ್ತು, ಒಂದು ಭಾನುವಾರಕ್ಕೆ ಇಷ್ಟನ್ನೂ ನಾನು ತಗಂಡು ಹೋಗ್ತೀನಿ. ಬಾಡಿಗೆ ಎಷ್ಟು ಹೇಳು" ಅಂದೆ.

"ಬಾಡಿಗೆ ಬೇಡ. ನಾನೂ ಜೊತೆಗೆ ಬರ್ತೀನಿ. ನಾನೇ ಹಾಸ್ತೀನಿ."

"ನಮ್ಮೂರಲ್ಲಿ ಹಾಸೋಕೆ ನಾನಿದೀನಲ್ಲ."

"ನೀವು ಹಾಸಿದ್ರೆ ಪೂರ್ತಿ ಹಾಸಿಬಿಡ್ತೀರಿ ಅಣ್ಣಾರೆ. ಅರ್ಧ ಬಿಟ್ರೇನೆ ಜನ ಕೈ ಹಾಕದು."

ಇದೆಂಥ ಮಾತು? ನಮ್ಮ ಕಸುಬಿನಲ್ಲಿ ಅರ್ಧ ಬಿಟ್ಟವನನ್ನು ಎರಡನೇ ಸಲ ಯಾರೂ ಕರೆಯುವುದಿಲ್ಲ. ಸೋಮಾರಿತನಕ್ಕೆ ಒಂದು ಒಳ್ಳೆಯ ಹೆಸರು ಕೊಟ್ಟಿದ್ದಾಳೆ ಅಂದುಕೊಂಡು ಐದೂವರೆ ಬಸ್ಸು ಹತ್ತಿದೆ. ಅವಳ ಇಡೀ ಬೀದಿ ನನ್ನ ತಲೆಯಲ್ಲಿತ್ತು. ಅಳತೆಯನ್ನು ಕಣ್ಣಲ್ಲೇ ತೆಗೆಯುವುದು ನನಗೆ ಕಷ್ಟವಲ್ಲ. ಟಿಕೆಟ್ಟಿನ ಹಿಂದೆ ಅಷ್ಟನ್ನೂ ಬರೆದುಕೊಂಡೆ.

ಮರುದಿನದ ಭಾನುವಾರ ಮಳೆಯಾಗಿ ಬೀದಿ ತೆರೆಯಲಿಲ್ಲ. ಅದು ನನಗೆ ಸಿಕ್ಕ ಒಂದು ವಾರ. ಅವಳಿಗಿಂತ ದಪ್ಪ ನವಾರು ತರಿಸಿದೆ. ಬಣ್ಣ ಬಿಡದ ಬಟ್ಟೆ ತರಿಸಿದೆ. ಪೈಪು ಒಂದಿಂಚು ದಪ್ಪ. ಬಲೆಯ ಕಣ್ಣು ಸಣ್ಣದು. ಕ್ಯಾನುಗಳನ್ನು ಯಾರನ್ನೂ ಕೇಳದೆ ನಾನೇ ಹೊಸದು ಕೊಂಡೆ, ಎಲ್ಲ ಒಂದೇ ಬಣ್ಣ. ಗೆರೆಗಳನ್ನು ದಾರ ಹಿಡಿದು ನೆಟ್ಟಗೆ ಎಳೆದೆ. ಕುರ್ಚಿ ಇಲ್ಲ, ಜಮಖಾನ ಇಲ್ಲ, ಕಮಾನು ಇಲ್ಲ. ಜನ ಬರುವ ಹೊತ್ತಿಗೆ ಎಲ್ಲವೂ ಎದ್ದು, ಬಿಗಿದು, ಗೊಂಬೆ ಕೂರಿಸಿದ ಹಾಗಿತ್ತು. ಒಂದು ಹಗ್ಗವಾದರೂ ಸಡಿಲ ಇದ್ದರೆ ತೋರಿಸಿ ಅನ್ನುವಂತಿತ್ತು.

ಜನ ಬಂದರು, ನಿಜ ಹೇಳಬೇಕೆಂದರೆ ಹೋದ ಸಲಕ್ಕಿಂತ ಜಾಸ್ತಿ ಬಂದರು. ಮೂರು ಹೆಣ್ಣುಮಕ್ಕಳು ಕುಂಟೆಬಿಲ್ಲೆಗೆ ಕಾಲಿಟ್ಟವು. ಆಗ ಒಂದು ಗಂಟಲು ಕೂಗಿತು.

"ಏಯ್! ಬಟ್ಟೆ ಮ್ಯಾಲೆ ಕಾಲಿಡಬ್ಯಾಡ್ರೇ!"

ಅದು ನನ್ನ ಗಂಟಲು. ನಾನು ಕೂಗಬೇಕೆಂದು ಕೂಗಿದ್ದಲ್ಲ. ಯಾವ ಪೆಂಡಾಲಿನಲ್ಲಿ ಯಾವ ಮಗು ಬಟ್ಟೆಯ ಹತ್ತಿರ ಬಂದರೂ ಇಷ್ಟು ವರ್ಷ ಕೂಗಿದ್ದು ಇದನ್ನೇ. ಮಕ್ಕಳು ಹೌಹಾರಿ ಪಕ್ಕಕ್ಕೆ ಸರಿದವು. ನಾನು, "ಇಲ್ಲ ಇಲ್ಲ, ಆಡ್ರಿ ಆಡ್ರಿ" ಅಂದೆ. ಆಡ್ರಿ ಅನ್ನಿಸಿಕೊಂಡು ಯಾವ ಮಗು ಆಡುತ್ತದೆ? ಒಬ್ಬಾತ ಬಲೆಯ ಹಗ್ಗ ಮುಟ್ಟಿ ನೋಡಿದ. "ಹಗ್ಗ ಬಿಡ್ರೀ!" ಅಂತ ಅದೇ ಗಂಟಲು ಮತ್ತೆ. ಆಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತೆ.

ಅಷ್ಟರಲ್ಲಿ ಹಾಲಿನ ವ್ಯಾನು ಬಂತು. ನನ್ನ ಬಲೆಯನ್ನು ಹಿಡಿದವರು ಯಾರೂ ಇಲ್ಲ, ಅದು ತನ್ನಷ್ಟಕ್ಕೆ ನಿಂತಿದೆ, ಆರು ಕಡೆ ಬಿಗಿದಿದೆ. ನಾನೊಬ್ಬನೇ ಒಂದೊಂದೇ ಗಂಟು ಬಿಚ್ಚತೊಡಗಿದೆ. ಸುತ್ತ ಜನ ಇದ್ದರು, ಎಲ್ಲರೂ ನೋಡಿದರು, ಮುಟ್ಟಲು ಯಾರಿಗೂ ಧೈರ್ಯವಿಲ್ಲ. ಡ್ರೈವರ್ ಇಂಜಿನ್ ಆಫ್ ಮಾಡಿ ಇಳಿದು ಬಂದು, "ಸಾವ್ಕಾರ್ರೆ, ಆಂಬುಲೆನ್ಸ್ ಆಗಿದ್ರೆ ಪೇಷಂಟ್ ಇಳಿದು ನಡ್ಕಂಡೇ ಹೋಗ್ತಿದ್ದ" ಅಂದ. ಎಲ್ಲರೂ ನಕ್ಕರು. ಇಂಜಿನಿಯರ್ ಮೇಡಂ ನಗಲಿಲ್ಲ. ಅವರು ಯಾರಿಗೋ ಫೋನ್ ಮಾಡಿ ಮಾತಾಡುತ್ತಾ ಆ ಕಡೆ ಹೋದರು. ಯಾರಿಗೆ ಅಂತ ಕೇಳುವ ಅಗತ್ಯ ಇರಲಿಲ್ಲ.

ಹೀಗೆ ನನ್ನ ಬೀದಿ ಹೋಯಿತು.

ಮುಂದಿನ ಭಾನುವಾರ ಅವಳು ಬಂದಳು. ಅದೇ ಸ್ಕೂಟರ್, ಅದೇ ಗಂಟು. ನಾನು ಷಟರ್ ಅರ್ಧ ಎತ್ತಿ ಒಳಗೆ ಪಾತ್ರೆ ಎಣಿಸುತ್ತಾ ಕೂತಿದ್ದೆ. ಎಣಿಸುವಂಥದ್ದೇನೂ ಇರಲಿಲ್ಲ. ಅವಳು ನೇರ ಒಳಗೆ ಬಂದಳು.

"ಅಣ್ಣಾರೆ, ನಿಮ್ಮ ಅಂಗಡಿ ಕಂಬ ಬೇಕಿತ್ತು. ಬಲೆಯ ಒಂದು ತುದಿಗೆ. ಎದುರು ಬದಿ ಜನ ಹಿಡ್ಕೊಳ್ತಾರೆ."

ಹೊಟ್ಟೆಯಲ್ಲಿ ಬೆಂಕಿ ಇದ್ದರೂ ವ್ಯಾಪಾರಿಯ ನಾಲಗೆ ತಣ್ಣಗಿರಬೇಕು. ಷರತ್ತು ಹಾಕಿದೆ. ನನ್ನ ಬೋರ್ಡು ಮುಚ್ಚಬಾರದು. ಮೆಟ್ಟಿಲ ಮೇಲೆ ಯಾರೂ ಕೂರಬಾರದು. ಒಂಬತ್ತೂವರೆಗೆ ಹಗ್ಗ ಬಿಚ್ಚಬೇಕು. ಇವುಗಳಲ್ಲಿ ಎರಡನ್ನು ಅವಳು ಕಡಿಮೆ ಮಾಡಿಸುತ್ತಾಳೆ ಅನ್ನುವ ಲೆಕ್ಕದಲ್ಲೇ ಮೂರು ಹೇಳಿದ್ದೆ.

"ಆಯ್ತು" ಅಂದಳು. ಮೂರಕ್ಕೂ ಸೇರಿ ಒಂದೇ ಆಯ್ತು.

ನಿಮಗೂ ಹೇಳಿರುತ್ತೇನೆ: ಎದುರಿನವರು ಒಂದೇ ಮಾತಿಗೆ ಒಪ್ಪಿಕೊಂಡರೆ ಖುಷಿಪಡಬೇಡಿ. ನಿಮ್ಮ ಹತ್ತಿರ ಅವರಿಗೆ ಬೇಕಾದ್ದು ಅಷ್ಟೇ ಇತ್ತು ಅಂತ ಅರ್ಥ.

ಅವಳು ಹಗ್ಗವನ್ನು ಕಂಬಕ್ಕೆ ಸುತ್ತಿ, ಬಲೆ ಎಳೆದು, ಉಳಿದ ತುದಿಯನ್ನು ಹಾಗೇ ನೇತುಬಿಟ್ಟು ಹೋದಳು. ಅದು ಜಾರುತ್ತದೆ ಅನ್ನುವುದು ನನಗೆ ಕೂತಲ್ಲೇ ಕಾಣುತ್ತಿತ್ತು. ಜಾರಲಿ ಅಂದುಕೊಂಡೆ. ಜಾರಿ, ಬಲೆ ಬಿದ್ದು, ಎಲ್ಲರೂ ನಗಲಿ. ಪಾತ್ರೆ ಎಣಿಸಿದೆ. ಹೊರಗೆ ಗದ್ದಲ ಏರಿತು. ನಮ್ಮ ಬೀದಿಯ ಜನ, ನನ್ನ ಕುರ್ಚಿಯಲ್ಲಿ ಅಲ್ಲಾಡದೆ ಕೂತಿದ್ದ ಅದೇ ಜನ, ಕುಂಟುತ್ತಿದ್ದರು, ಓಡುತ್ತಿದ್ದರು, ಕಿರುಚುತ್ತಿದ್ದರು. ಮದುವೆ ಎಂದುಕೊಂಡು ಬಂದಿದ್ದ ಅಜ್ಜ ಪಂಚೆ ಎತ್ತಿ ಕಟ್ಟಿಕೊಂಡು, "ಔಟಲ್ಲ ಅದು, ಗೆರೆ ಮುಟ್ಟಿಲ್ಲ!" ಅಂತ ಜಗಳಕ್ಕೆ ನಿಂತಿದ್ದ. ನನ್ನ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನವಾರಿನ ಮನೆಗಳನ್ನು ಒಂಟಿ ಕಾಲಲ್ಲಿ ದಾಟುತ್ತಿದ್ದಳು. ಅವಳಿಗೆ ಕುಂಟೆಬಿಲ್ಲೆ ಬರುತ್ತದೆ ಅಂತ ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಗೊತ್ತೇ ಇರಲಿಲ್ಲ. ಅದೂ ಆ ಟೈಲರಮ್ಮನ ಬಟ್ಟೆಯ ಮೇಲೆ! ಇಷ್ಟೊಂದು ಜಮಖಾನ ಇಟ್ಟುಕೊಂಡವನ ಹೆಂಡತಿ!

ಕೊನೆಗೆ ಆ ಜಾರುವ ಹಗ್ಗವನ್ನು ನೋಡಲಾಗದೆ ಎದ್ದು ಹೋಗಿ ತುದಿ ಹಿಡಿದುಕೊಂಡೆ. ಕಟ್ಟಲು ಹೋದೆ. ಬಲೆ ಒಮ್ಮೆ ಮೇಲೆ ಬೇಕು ಅನ್ನುತ್ತಾರೆ, ಒಮ್ಮೆ ಕೆಳಗೆ ಬೇಕು ಅನ್ನುತ್ತಾರೆ, ಕಟ್ಟುವುದಕ್ಕೇ ಬಿಡುವಿಲ್ಲ. ಹಿಡಿದುಕೊಂಡೇ ನಿಂತೆ. ಟೈಲರಮ್ಮ ದೂರದಿಂದ ಒಮ್ಮೆ ಈ ಕಡೆ ನೋಡಿದಳು. ನಗಲಿಲ್ಲ, ಕರೆಯಲಿಲ್ಲ. ನಕ್ಕಿದ್ದರೆ ಹಗ್ಗ ಬಿಟ್ಟುಬಿಡುತ್ತಿದ್ದೆ.

ಬಸ್‌ಸ್ಟ್ಯಾಂಡಿನಿಂದ ಚೀಲ ಹಿಡಿದು ಬಂದ ಒಬ್ಬರು ನನ್ನ ಪಕ್ಕ ನಿಂತು ಬಾಯಿ ತೆರೆದು ನೋಡಿದರು.

"ಭಾರಿ ಮಾಡೀರಿ ರೀ. ನಿಮ್ದಾ ಇದು?"

ನಾಲಗೆಯ ತುದಿಗೆ ಹೌದು ಅನ್ನುವುದು ಬಂದಿತ್ತು. ಬೋರ್ಡು ನನ್ನದು, ಕಂಬ ನನ್ನದು, ಕೈಯಲ್ಲಿ ಹಗ್ಗವೂ ಇತ್ತು. ಯಾರು ಕೇಳುತ್ತಿದ್ದರು?

"ಅಲ್ಲ. ಸೊರಬದ ಟೈಲರಮ್ಮಂದು" ಅಂದೆ.

"ಸೊರಬದಿಂದ ಬರ್ಬೇಕಾತಾ? ನಮ್ಮೂರಾಗೆ ಇಂಥದ್ದು ಮಾಡೋರು ಯಾರೂ ಇರ್ಲಿಲ್ಲೇನ್ರಿ?"

"ಈ ಹಗ್ಗ ಸ್ವಲ್ಪ ಹಿಡೀರಿ, ಸಡಿಲ ಆಗ್ತೈತಿ" ಅಂತ ತುದಿಯನ್ನು ಅವರ ಕೈಗೆ ಕೊಟ್ಟು ಅಂಗಡಿಯೊಳಗೆ ಹೋದೆ.